ತೂಕ ಇಳಿಸುವ ಇಂಜೆಕ್ಷನ್: ಬೇಕಾದರೆ ತಗೊಳ್ಳಿ, ತಮ್ಮನ ಬ್ಯಾಗಿನಿಂದ ಬೇಡ

ಪ್ರಶ್ನೆ: ನನಗೆ 44 ವರ್ಷ, ಬದಿಯಡ್ಕದ ಹತ್ತಿರ ಮನೆ. ಎತ್ತರ 160 ಸೆಂ.ಮೀ., ತೂಕ 98 ಕಿಲೋ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ಮಾತ್ರೆ ನಡೀತಾ ಇದೆ. ಮೊಣಕಾಲು ನೋವೂ ಇದೆ. ಊಟ ಕಡಿಮೆ ಮಾಡಿ, ನಡೆದು ಎರಡು ಸಲ ತೂಕ ಇಳಿಸಿದೆ. ಎರಡು ಸಲವೂ ವಾಪಸ್ ಬಂತು. ದುಬೈಯಲ್ಲಿರುವ ತಮ್ಮ ಇಂಜೆಕ್ಷನ್ ಪೆನ್ ತರ್ತೇನೆ ಅನ್ನುತ್ತಾನೆ. ಅತ್ತೆಯವರು "ಬಾಯಿ ಕಟ್ಟಿದರೆ ಸಾಕು, ಮದ್ದು ಯಾಕೆ?" ಅನ್ನುತ್ತಾರೆ. ಯಾವುದು ಸರಿ?

ಉತ್ತರ: ಮೊದಲು ಅತ್ತೆಯವರ ಮಾತಿಗೆ ಬರೋಣ. ನೀವು ಎರಡು ಸಲ ಬಾಯಿ ಕಟ್ಟಿದ್ದೀರಿ. ತೂಕ ವಾಪಸ್ ಬಂದದ್ದು ನಿಮ್ಮ ಸೋಮಾರಿತನದಿಂದ ಅಲ್ಲ. ತೂಕ ಇಳಿದಾಗ ಹಸಿವು ಹುಟ್ಟಿಸುವ ಹಾರ್ಮೋನು ಏರುತ್ತದೆ, ಹೊಟ್ಟೆ ತುಂಬಿತು ಅನ್ನಿಸುವ ಹಾರ್ಮೋನುಗಳು ಇಳಿಯುತ್ತವೆ. ದೇಹ ಸುಡುವ ಕ್ಯಾಲೊರಿಯೂ ಕಡಿಮೆಯಾಗುತ್ತದೆ. ನಿಮ್ಮ ಬಿಎಂಐ, ಅಂದರೆ ಎತ್ತರಕ್ಕೆ ತೂಕ ಎಷ್ಟಿದೆ ಅನ್ನುವ ಲೆಕ್ಕ, 38ರ ಮೇಲಿದೆ. ನಮ್ಮ ಭಾರತೀಯರಿಗೆ 25 ದಾಟಿದರೇ ಬೊಜ್ಜು ಅಂತ ಲೆಕ್ಕ. ಸಕ್ಕರೆ ಕಾಯಿಲೆಯೂ ಇರುವ ನಿಮಗೆ ಮದ್ದು ಕೇಳುವ ಹಕ್ಕು ಖಂಡಿತ ಇದೆ. ಅದರಲ್ಲಿ ನಾಚಿಕೆ ಬೇಡ.

ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಎಂಬ ಈ ಮದ್ದುಗಳು ಊಟದ ನಂತರ ಕರುಳು ಬಿಡುವ ಹಾರ್ಮೋನಿನಂತೆ ಕೆಲಸ ಮಾಡುತ್ತವೆ. ಹಸಿವು ತಗ್ಗುತ್ತದೆ, ಹೊಟ್ಟೆ ನಿಧಾನವಾಗಿ ಖಾಲಿಯಾಗುತ್ತದೆ. ಸಕ್ಕರೆ ಕಾಯಿಲೆ ಇಲ್ಲದವರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸೆಮಾಗ್ಲುಟೈಡ್ 68 ವಾರಗಳಲ್ಲಿ ಸರಾಸರಿ ಶೇ. 15ರಷ್ಟು ತೂಕ ಇಳಿಸಿತು. ಸಕ್ಕರೆ ಕಾಯಿಲೆ ಇರುವವರಲ್ಲಿ ಮಾತ್ರ ಇಳಿಕೆ ಕಡಿಮೆ, ಶೇ. 10ರ ಆಸುಪಾಸು. ಅವರಲ್ಲೇ ಟಿರ್ಜೆಪಟೈಡ್‌ನ ದೊಡ್ಡ ಡೋಸಿನಲ್ಲಿ ಶೇ. 13ರಿಂದ 15. ಹಾಗಾಗಿ ಮೊಬೈಲಿನಲ್ಲಿ ಯಾರದ್ದೋ 30 ಕಿಲೋ ಇಳಿದ ಫೋಟೋ ನೋಡಿ ಲೆಕ್ಕ ಹಾಕಬೇಡಿ. ನಿಮಗೆ 10 ಕಿಲೋ ಇಳಿದರೂ ಮೊಣಕಾಲಿಗೆ, ಸಕ್ಕರೆಗೆ ದೊಡ್ಡ ಲಾಭ.

ಮದ್ದು ನಿಲ್ಲಿಸಿದರೆ? 2021ರ ಆ ಸೆಮಾಗ್ಲುಟೈಡ್ ಅಧ್ಯಯನದ ಮುಂದುವರಿಕೆಯಲ್ಲಿ, ಇಳಿದ ತೂಕದ ಮೂರನೇ ಎರಡು ಪಾಲು ಒಂದು ವರ್ಷದಲ್ಲಿ ವಾಪಸ್ ಬಂತು. ಬಿಪಿ ಮಾತ್ರೆಯ ಹಾಗೆ ಇದೂ ದೀರ್ಘಕಾಲದ ಮದ್ದು. ಖರ್ಚೂ ತಿಂಗಳಿಗೆ ಸಾವಿರಾರು ರೂಪಾಯಿ. ವರ್ಷಗಟ್ಟಲೆ ನಿಭಾಯಿಸಲು ಆದೀತಾ ಅಂತ ಶುರುಮಾಡುವ ಮೊದಲೇ ಮನೆಯಲ್ಲಿ ಕೂತು ಮಾತಾಡಿ.

ಇನ್ನು ಊಟ, ವ್ಯಾಯಾಮ. ಮದ್ದು ಇದ್ದರೆ ಇವು ಬೇಡ ಅನ್ನುವವರನ್ನು ಕಂಡರೆ ನನಗೆ ನಿಜವಾಗಿ ಆತಂಕವಾಗುತ್ತದೆ. ತೂಕ ಇಳಿಯುವಾಗ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಹಸಿವಿಲ್ಲ ಅಂತ ಬರೀ ಕುಚ್ಚಿಲಕ್ಕಿ ಗಂಜಿ, ಉಪ್ಪಿನಕಾಯಿಯಲ್ಲಿ ದಿನ ಕಳೆದರೆ ಇನ್ನೂ ಜಾಸ್ತಿ. ಅದಕ್ಕೇ ತಟ್ಟೆಯಲ್ಲಿ ಮೊದಲು ಪ್ರೊಟೀನ್: ಬಂಗುಡೆಯೋ ಬೂತಾಯಿಯೋ, ಹುರಿಯದೆ ಸಾರು ಮಾಡಿ. ಮೀನು ತಿನ್ನದವರಿಗೆ ಹೆಸರುಕಾಳು, ಕಡಲೆ, ಮೊಸರು, ಆಗುವುದಾದರೆ ಮೊಟ್ಟೆ. ಅನ್ನ ಆಮೇಲೆ, ಸ್ವಲ್ಪ. ಒಂದು ದೊಡ್ಡ ಚಮಚ ತೆಂಗಿನೆಣ್ಣೆಯಲ್ಲಿ ಸುಮಾರು 120 ಕ್ಯಾಲೊರಿ ಇರುತ್ತದೆ. ಒಗ್ಗರಣೆಯ ಎಣ್ಣೆ ಅಳೆದು ಹಾಕಿ. ತೋಟದ ಕೆಲಸ ಮಾಡ್ತೇನಲ್ಲ ಅನ್ನಬಹುದು. ಒಳ್ಳೆಯದೇ, ಆದರೆ ಸ್ನಾಯು ಉಳಿಯಲು ಬೇರೆ ಕಸರತ್ತು ಬೇಕು. ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಕೈಯೂರಿ ತಳ್ಳುವುದು, ನೀರು ತುಂಬಿದ ಬಾಟಲಿ ಎತ್ತುವುದು, ವಾರಕ್ಕೆ ಎರಡು ಮೂರು ದಿನ ಸಾಕು. ನಡೆಯುವುದು ಸಮತಟ್ಟು ರಸ್ತೆಯಲ್ಲಿ. ಗುಡ್ಡ ಇಳಿಯುವುದು ನಿಮ್ಮ ಮೊಣಕಾಲಿಗೆ ಈಗ ಬೇಡ.

ತಮ್ಮನ ಪ್ರೀತಿ ದೊಡ್ಡದು, ಆದರೂ ಆ ಪೆನ್ ಬೇಡ ಅನ್ನಿ. ಬಳಸುವ ಮೊದಲು ಅದು 2ರಿಂದ 8 ಡಿಗ್ರಿ ತಂಪಿನಲ್ಲೇ ಇರಬೇಕು. ಬ್ಯಾಗಿನಲ್ಲಿ, ಬಿಸಿಲಲ್ಲಿ ಬಂದದ್ದು ಹಾಳಾಗಿದೆಯೋ ಇಲ್ಲವೋ ನೋಡಿ ತಿಳಿಯದು. ಡೋಸ್ ಕಡಿಮೆಯಿಂದ ಶುರುವಾಗಿ ಹಂತ ಹಂತವಾಗಿ ಏರಬೇಕು, ಇಲ್ಲದಿದ್ದರೆ ವಾಂತಿ ಜಾಸ್ತಿ. ನಿಮಗೆ ಎಲ್ಲಕ್ಕಿಂತ ದೊಡ್ಡ ಅಪಾಯ ಗ್ಲಿಮೆಪಿರೈಡ್. ಅದರ ಜೊತೆ ಈ ಇಂಜೆಕ್ಷನ್ ಸೇರಿದರೆ ಸಕ್ಕರೆ ಏಕಾಏಕಿ ಕುಸಿಯಬಹುದು. ಆ ಮಾತ್ರೆ ಕಡಿಮೆ ಮಾಡಬೇಕೇ ಅಂತ ವೈದ್ಯರೇ ಹೇಳಬೇಕು.

ಮಂಗಳೂರಿಗೋ ಕಾಸರಗೋಡಿಗೋ ಹೋಗಿ ಫಿಸಿಷಿಯನ್ ಅಥವಾ ಎಂಡೋಕ್ರೈನಾಲಜಿಸ್ಟರನ್ನು (ಹಾರ್ಮೋನು ತಜ್ಞರನ್ನು) ಕಾಣಿ. ಮೂರು ತಿಂಗಳ ಸರಾಸರಿ ಸಕ್ಕರೆ, ಕಿಡ್ನಿ, ಕಣ್ಣಿನ ಪರದೆ ಪರೀಕ್ಷೆ ಮಾಡಿಸಿ. ಪಿತ್ತಕೋಶದ ಕಲ್ಲು, ಮೇದೋಜೀರಕದ ಉರಿಯೂತ ಆಗಿದ್ದರೆ, ಮನೆಯಲ್ಲಿ ಯಾರಿಗಾದರೂ ಥೈರಾಯ್ಡ್ ಕ್ಯಾನ್ಸರ್ ಬಂದಿದ್ದರೆ ಮುಚ್ಚಿಡದೆ ಹೇಳಿ. ಶುರುಮಾಡಿದ ಮೇಲೆ ಬೆನ್ನಿಗೆ ಹರಡುವ, ಬಿಡದ ಹೊಟ್ಟೆನೋವು ಬಂದರೆ ಮುಂದಿನ ಡೋಸ್ ತೆಗೆದುಕೊಳ್ಳದೆ ಅವತ್ತೇ ಆಸ್ಪತ್ರೆಗೆ ಹೋಗಿ.