ಮೊದಲು ನೀರು ಹದವಾಗಲಿ, ಆಮೇಲೆ ಮೀನು

ಪ್ರಶ್ನೆ: ಸರ್, ನಾವಿರುವುದು ಉಡುಪಿಯಲ್ಲಿ. ಗೋಲ್ಡ್ ಫಿಶ್ ಸಾಕಿ ರೂಢಿ ಇದೆ. ಈಗ ಮಗಳಿಗೆ ಕಿತ್ತಳೆ-ಬಿಳಿ ಪಟ್ಟೆಯ ಕ್ಲೌನ್ ಫಿಶ್ ಬೇಕಂತೆ. ಎರಡಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರದ ಟ್ಯಾಂಕ್ ತಂದಿದ್ದೇವೆ. ಮಲ್ಪೆ ಹತ್ತಿರವೇ ಇದೆಯಲ್ಲ, ನೀರು, ಕಲ್ಲು, ಒಂದೆರಡು ಹವಳ ಅಲ್ಲಿಂದಲೇ ತರಬಹುದಾ? ಮುಂದಿನ ವಾರ ಅವಳ ಹುಟ್ಟುಹಬ್ಬಕ್ಕೆ ಮೀನು ಬಿಡೋಣ ಅಂತ ಆಸೆ.

ಉತ್ತರ: ಮುಂದಿನ ವಾರ ದಯವಿಟ್ಟು ಬೇಡ. ಹುಟ್ಟುಹಬ್ಬದ ದಿನ ಕಲ್ಲು ಜೋಡಿಸಿ ನೀರು ತುಂಬಿಸುವ ಕೆಲಸ ಮಗಳ ಕೈಯಿಂದ ಮಾಡಿಸಿ. ಮೀನು ಬರಲು ಇನ್ನೂ ಒಂದು, ಒಂದೂವರೆ ತಿಂಗಳು ಬೇಕು.

ಕಾರಣ ಹೇಳುತ್ತೇನೆ. ಮೀನಿನ ಹೊಲಸು, ಉಳಿದ ಆಹಾರ ಎಲ್ಲ ಕೊಳೆತು ಅಮೋನಿಯಾ ಆಗುತ್ತದೆ. ಅದು ಮೀನಿನ ಕಿವಿರನ್ನು ಸುಡುತ್ತದೆ. ಅಮೋನಿಯಾವನ್ನು ನೈಟ್ರೈಟ್ ಮಾಡುವ ಬ್ಯಾಕ್ಟೀರಿಯಾ ಒಂದು ಬಗೆ, ಅದನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಮಾಡುವುದು ಇನ್ನೊಂದು ಬಗೆ. ಇವು ಕಲ್ಲಿನ ಸಣ್ಣ ಸಣ್ಣ ತೂತುಗಳಲ್ಲಿ ಮನೆ ಮಾಡಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಆ ಕೆಲಸಕ್ಕೆ ಒಂದು ಹಸಿ ಸಿಗಡಿ ತುಂಡು ಹಾಕಿದರೆ ಸಾಕು, ಅದು ಕೊಳೆತು ಬ್ಯಾಕ್ಟೀರಿಯಾಕ್ಕೆ ಬೇಕಾದ ಅಮೋನಿಯಾ ಕೊಡುತ್ತದೆ. ಕೆಲವರು ಅಗ್ಗದ ಡ್ಯಾಮ್ಸೆಲ್ ಮೀನನ್ನೇ ಬಿಟ್ಟು ನೀರು ಹದ ಮಾಡುತ್ತಾರೆ. ಅದು ಹಿಂಸೆ, ನನಗೆ ಸ್ವಲ್ಪವೂ ಒಪ್ಪಿಗೆ ಇಲ್ಲ.

ಟೆಸ್ಟ್ ಕಿಟ್ ತನ್ನಿ. ಸಾಮಾನ್ಯವಾಗಿ ಸಿಗುವ ಹನಿ ಹಾಕುವ ಕಿಟ್‌ನಲ್ಲಿ ಹಳದಿ ಅಂದರೆ ಅಮೋನಿಯಾ ಇಲ್ಲ, ಹಸಿರು ಗಾಢವಾದಷ್ಟೂ ಜಾಸ್ತಿ. ಮೊದಲು ಅಮೋನಿಯಾ ಏರಿ ಇಳಿಯುತ್ತದೆ, ಹಿಂದೆಯೇ ನೈಟ್ರೈಟ್. ಎರಡೂ ಸೊನ್ನೆಗೆ ಬಂದು ನಿಂತ ಮೇಲೆ ಮೀನು. ಈ ನಡುವೆ ಮರಳಿನ ಮೇಲೆ ಕಾಫಿ ಪುಡಿ ಉದುರಿಸಿದ ಹಾಗೆ ಕಂದು ಪಾಚಿ ಹರಡಬಹುದು. ಗಾಬರಿ ಬೇಡ, ಹೊಸ ಟ್ಯಾಂಕಿನಲ್ಲಿ ಅದು ಮಾಮೂಲು, ತಾನಾಗಿ ಕಡಿಮೆಯಾಗುತ್ತದೆ.

ಮಲ್ಪೆ ನೀರಿನ ವಿಷಯ. ಬಂದರಿನಲ್ಲಿ ದೋಣಿಗಳ ಡೀಸೆಲ್ ಇರುತ್ತದೆ, ಹೊಳೆ ನೀರೂ ಬಂದು ಸೇರುತ್ತದೆ, ಮಳೆಗಾಲದಲ್ಲಿ ಉಪ್ಪೇ ಇಳಿದುಬಿಡುತ್ತದೆ. ಅದಕ್ಕಿಂತ ಆರ್‌ಒ ನೀರಿಗೆ ಅಕ್ವೇರಿಯಂ ಅಂಗಡಿಯ ಸಮುದ್ರ ಉಪ್ಪು ಕಲೆಸುವುದು ವಾಸಿ. ಅಡುಗೆ ಉಪ್ಪು ನಡೆಯುವುದಿಲ್ಲ. ಲೀಟರಿಗೆ ಸುಮಾರು 35 ಗ್ರಾಂ. ನಿಮ್ಮ ಟ್ಯಾಂಕಿಗೆ ಕಲ್ಲು, ಮರಳಿನ ಜಾಗ ಬಿಟ್ಟು 100 ಲೀಟರ್ ನೀರು ಹಿಡಿಯುತ್ತದೆ, ಮೂರೂವರೆ ಕೆಜಿ ಉಪ್ಪು ಬೇಕು. ನೀರಿನ ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರ್‌ನಲ್ಲಿ ಸಾಂದ್ರತೆ 1.025 ಬರಲಿ. ಎಲ್ಲ ಸೇರಿ ಭಾರ 150 ಕೆಜಿ ಹತ್ತಿರ ಹೋಗುತ್ತದೆ, ಟಿವಿ ಸ್ಟ್ಯಾಂಡ್ ಮೇಲೆ ಇಡಬೇಡಿ.

ಇನ್ನು ಕಡಲಿಂದ ಹವಳ ತರುವ ಮಾತು ಬಿಟ್ಟೇಬಿಡಿ. ಗಟ್ಟಿ ಹವಳ, ಕಪ್ಪು ಹವಳ, ಬೆಂಕಿ ಹವಳ, ಸೀ ಫ್ಯಾನ್ ಎಲ್ಲವೂ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿ, ಅಂದರೆ ಅತಿ ಹೆಚ್ಚು ರಕ್ಷಣೆಯ ಪಟ್ಟಿಯಲ್ಲಿವೆ. ಮುರುಡೇಶ್ವರದ ಎದುರಿನ ನೇತ್ರಾಣಿಯ ಸುತ್ತ ಹವಳ ಉಳಿದಿದೆ. ಅದು ಅಲ್ಲೇ ಚೆನ್ನಾಗಿರಲಿ. ನಿಮಗೆ ಸೆರಾಮಿಕ್‌ನಲ್ಲಿ ಮಾಡಿದ ತೂತು ತೂತಿನ ಕಲ್ಲು ಧಾರಾಳ ಸಾಕು. ಆರು ತಿಂಗಳು ಟ್ಯಾಂಕ್ ನೆಟ್ಟಗೆ ನಡೆದರೆ, ಇನ್ನೊಬ್ಬರು ಸಾಕಿ ಬೆಳೆಸಿದ ಮೆತ್ತನೆಯ ಮಶ್ರೂಮ್ ಹವಳದ ತುಂಡು ಕೇಳಿ ತನ್ನಿ.

ಕ್ಲೌನ್ ಫಿಶ್ ಕೊಳ್ಳುವಾಗ ಹ್ಯಾಚರಿಯಲ್ಲಿ ಹುಟ್ಟಿದ್ದೇ ಬೇಕು ಅನ್ನಿ. ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಇದನ್ನು ನಮ್ಮ ದೇಶದಲ್ಲೇ ಮರಿ ಮಾಡಿಸಿದೆ. ಒಂದು ಜೋಡಿ ಸಾಕು. ಹುಟ್ಟುವಾಗ ಎಲ್ಲವೂ ಗಂಡೇ, ಜೊತೆಯಲ್ಲಿ ಜೋರಾದದ್ದು ಹೆಣ್ಣಾಗುತ್ತದೆ. ಮಗಳಿಗೆ ಹೇಳಿ, ಖುಷಿಪಡುತ್ತಾಳೆ. ಕಡಲಲ್ಲಿ ಅವು ಆಸರೆ ಪಡೆಯುವ ಹೂವಿನಂಥ ಪ್ರಾಣಿ ಸೀ ಅನಿಮೋನ್. ಅದು ಇಲ್ಲದೆಯೂ ಅವು ಆರಾಮಾಗಿ ಬದುಕುತ್ತವೆ. ಅನಿಮೋನ್‌ಗೆ ಜೋರು ಬೆಳಕು, ಹಳೆಯ ಟ್ಯಾಂಕ್ ಬೇಕು, ಈಗಲೇ ತರಬೇಡಿ. ನೀಲಿ ಟ್ಯಾಂಗ್ ಕೂಡ ಬೇಡ, ಅದು ಅಡಿ ಉದ್ದ ಬೆಳೆಯುವ ಮೀನು.

ವಾರಕ್ಕೊಮ್ಮೆ ಹತ್ತು ಲೀಟರ್ ನೀರು ಬದಲಿಸಿ.

ಪ್ರಶ್ನೆ: ಬಳ್ಳಾರಿಯ ಬೇಸಿಗೆಗೆ ಸಮುದ್ರ ಮೀನಿನ ಟ್ಯಾಂಕ್ ತಡೆಯುತ್ತದಾ ಸರ್? ನೀರು ತಣ್ಣಗೆ ಮಾಡುವ ಚಿಲ್ಲರ್ ಯಂತ್ರ ಬೇಕೇ ಬೇಕಾ?

ಉತ್ತರ: ನೀರು 24ರಿಂದ 27 ಡಿಗ್ರಿಯಲ್ಲಿರಬೇಕು. 30 ದಾಟಿದರೆ ಹವಳ ಬಿಳಿಚಿಕೊಳ್ಳಲು ಶುರುವಾಗಬಹುದು. ನೀರಿನ ಮೇಲ್ಮೈಗೆ ಫ್ಯಾನ್ ಹಾಕಿದರೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ನಿಮ್ಮ ಒಣಹವೆಯಲ್ಲಿ ಇದು ಚೆನ್ನಾಗಿಯೇ ಕೆಲಸ ಮಾಡುತ್ತದೆ, ಕರಾವಳಿಯ ಸೆಕೆಯಲ್ಲಿ ಅಷ್ಟು ಮಾಡುವುದಿಲ್ಲ. ಆದರೆ ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಗಾಜಿನ ಮೇಲೆ ನೀರಿನ ಮಟ್ಟಕ್ಕೆ ಒಂದು ಟೇಪ್ ಅಂಟಿಸಿ. ದಿನಾ ಅಲ್ಲಿಯವರೆಗೆ ಸಪ್ಪೆ ಆರ್‌ಒ ನೀರು ಹಾಕಿ. ಉಪ್ಪು ನೀರು ಹಾಕಿದರೆ ಉಪ್ಪು ಏರುತ್ತಲೇ ಹೋಗುತ್ತದೆ.

ಏಪ್ರಿಲ್, ಮೇಯಲ್ಲಿ ಮಾತ್ರ ನಿಮಗೆ ಫ್ಯಾನ್ ಸಾಲದು. ಆ ಕೋಣೆಯಲ್ಲಿ ಎಸಿ ಇಲ್ಲದಿದ್ದರೆ ಚಿಲ್ಲರ್ ಬೇಕೇ ಬೇಕು. ಅದು ಬಿಸಿಗಾಳಿ ಹೊರಗೆ ಉಗುಳುತ್ತದೆ, ಟ್ಯಾಂಕಿನ ಕೆಳಗಿನ ಮುಚ್ಚಿದ ಕಪಾಟಿನಲ್ಲಿ ಇಡಬೇಡಿ. ಕರೆಂಟ್ ಹೋದಾಗಲೂ ನೀರು ಆಡುತ್ತಿರಬೇಕು, ಬ್ಯಾಟರಿಯ ಏರ್ ಪಂಪ್ ಒಂದನ್ನು ಈಗಲೇ ತಂದಿಟ್ಟುಕೊಳ್ಳಿ.