ರಿನ್ಯೂವಲ್ ಜೊತೆ ಬರುವ ಜನರಲ್ ರಿಲೀಸ್: ಸಹಿಗೆ ಮೊದಲು

ಸರ್, ಕ್ಯಾಲಿಫೋರ್ನಿಯಾದ ನಿಮ್ಮ ಸ್ಯಾಂಡ್‌ವಿಚ್ ಅಂಗಡಿಯ 10 ವರ್ಷದ ಫ್ರಾಂಚೈಸಿ ಅವಧಿ ಮುಗಿಯುತ್ತಿದೆ, ರಿನ್ಯೂವಲ್ ಕಾಗದಗಳಲ್ಲಿ ‘ಜನರಲ್ ರಿಲೀಸ್’ ಇದೆ, ಕಂಪನಿಯವರು ಬರೀ ಫಾರ್ಮಾಲಿಟಿ ಅಂತಾರೆ ಅಂದಿರಿ. ಫಾರ್ಮಾಲಿಟಿ ಅಲ್ಲ. ಸಹಿ ಹಾಕಿದರೆ ಆ ದಿನದವರೆಗೆ ಕಂಪನಿಯ ಮೇಲೆ ನಿಮಗಿರುವ ಕ್ಲೇಮುಗಳನ್ನೆಲ್ಲ (ಹಣ, ಪರಿಹಾರ ಕೇಳುವ ಹಕ್ಕುಗಳನ್ನು) ಬಿಟ್ಟುಕೊಟ್ಟ ಹಾಗೆ.

ಮೊದಲು ಹಳೇ ಒಪ್ಪಂದದ ರಿನ್ಯೂವಲ್ ಷರತ್ತು ಓದಿ. ರಿಲೀಸ್ ಕೊಡಬೇಕು ಅಂತ ಅಲ್ಲೇ ಬರೆದಿದ್ದರೆ ಅವತ್ತೇ ಒಪ್ಪಿದ್ದೀರಿ. ಪೂರ್ತಿ ಬೇಡ ಅನ್ನುವುದು ಕಷ್ಟ, ಪದಗಳನ್ನು ತಿದ್ದಿಸಬಹುದು. ಬರೆದಿಲ್ಲದಿದ್ದರೆ ಗಟ್ಟಿಯಾಗಿ ಚೌಕಾಶಿ ಮಾಡಿ. ಹೊಸ ಒಪ್ಪಂದದ ಷರತ್ತುಗಳು ಗಣನೀಯವಾಗಿ ಬದಲಾಗಿದ್ದರೆ ಸಹಿಗೆ 14 ದಿನ ಮೊದಲು ಕಂಪನಿ ಡಿಸ್‌ಕ್ಲೋಷರ್ ಡಾಕ್ಯುಮೆಂಟ್ (ಫ್ರಾಂಚೈಸಿಯ ವಿವರಗಳನ್ನೆಲ್ಲ ತಿಳಿಸುವ ದಾಖಲೆ) ಕೊಡಬೇಕು ಅನ್ನುವುದು ಅಮೆರಿಕದ ಫೆಡರಲ್ ನಿಯಮ. ಆ ದಾಖಲೆಯ 17ನೇ ಐಟಂನಲ್ಲಿ ರಿನ್ಯೂವಲ್ ಷರತ್ತುಗಳ ಪಟ್ಟಿ ಇರುತ್ತದೆ.

ಕ್ಯಾಲಿಫೋರ್ನಿಯಾದಲ್ಲಿ ಕಾರ್ಪೊರೇಷನ್ಸ್ ಕೋಡ್ 31512, ಬಿಸಿನೆಸ್ ಅಂಡ್ ಪ್ರೊಫೆಷನ್ಸ್ ಕೋಡ್ 20010 ಎಂಬ ಕಲಂಗಳು ಇವೆ, ಹೆದರಬೇಡಿ ಅಂತ ಯಾರಾದರೂ ಹೇಳುತ್ತಾರೆ. ರಾಜ್ಯದ ಎರಡು ಫ್ರಾಂಚೈಸಿ ಕಾಯ್ದೆಗಳು ಕೊಟ್ಟ ಹಕ್ಕನ್ನು ಬಿಟ್ಟುಕೊಟ್ಟಂತೆ ಬರೆಸಿಕೊಂಡರೂ ಅದು ಊರ್ಜಿತವಲ್ಲ, ನಿಜ. ಆದರೆ ಹೆಚ್ಚಾಗಿ ವಸೂಲು ಮಾಡಿದ ರಾಯಲ್ಟಿ (ಕಂಪನಿಗೆ ನೀವು ಕೊಡುವ ಪಾಲು), ಜಾಹೀರಾತು ನಿಧಿಯ ಲೆಕ್ಕ, ನಿಮಗೇ ಅಂತ ಬಿಟ್ಟ ಪ್ರದೇಶದೊಳಗೇ (ಟೆರಿಟರಿ) ತೆರೆದ ಇನ್ನೊಂದು ಅಂಗಡಿ, ಇವೆಲ್ಲ ಸಾಮಾನ್ಯವಾಗಿ ಆ ಕಾಯ್ದೆಗಳದ್ದಲ್ಲ, ಒಪ್ಪಂದ ಮುರಿದ ಕ್ಲೇಮುಗಳು. ಅವು ರಿಲೀಸ್ ಜೊತೆ ಹೋಗುತ್ತವೆ.

ಸಿವಿಲ್ ಕೋಡ್ 1542 ಎಂಬ ಸಂಖ್ಯೆ ಹುಡುಕಿ. ಸಹಿ ಹಾಕುವಾಗ ಗೊತ್ತಿಲ್ಲದ, ಗೊತ್ತಿದ್ದರೆ ನಿಮ್ಮ ತೀರ್ಮಾನವನ್ನೇ ಬದಲಿಸುತ್ತಿದ್ದ ಕ್ಲೇಮು ಜನರಲ್ ರಿಲೀಸ್‌ಗೆ ಸೇರುವುದಿಲ್ಲ ಅನ್ನುತ್ತದೆ ಆ ಕಲಂ. ಆ ಕಲಮಿನ ರಕ್ಷಣೆಯನ್ನು ಬಿಟ್ಟುಕೊಡುವ ಸಾಲು ಇಂಥ ಕಾಗದಗಳಲ್ಲಿ ಇದ್ದೇ ಇರುತ್ತದೆ. ತೆಗೆಸಲು ನೋಡಿ, ಒಪ್ಪದಿದ್ದರೆ ಸಹಿಗೆ ಮೊದಲೇ ರಾಯಲ್ಟಿ ಸ್ಟೇಟ್‌ಮೆಂಟ್, ಕಂಪನಿಯಿಂದ ಬರಬೇಕಾದ ಕ್ರೆಡಿಟ್ ಎಲ್ಲ ತಾಳೆ ಹಾಕಿ ಪಟ್ಟಿ ಮಾಡಿ.

ಬಿಟ್ಟುಕೊಡುವವರು ಯಾರು ಅನ್ನುವಲ್ಲಿ ನಿಮ್ಮ ಎಲ್‌ಎಲ್‌ಸಿ (ಅಂಗಡಿ ನಡೆಸುವ ನಿಮ್ಮ ಕಂಪನಿ), ಗ್ಯಾರಂಟಿ ಹಾಕಿದ ಮನೆಯವರು, ‘ಅಫಿಲಿಯೇಟ್ಸ್’ (ನಿಮಗೆ ಸಂಬಂಧಿಸಿದ ಬೇರೆ ಸಂಸ್ಥೆಗಳು) ಅಂತೆಲ್ಲ ಇರುತ್ತದೆ. ಇನ್ನೊಂದು ಅಂಗಡಿಯಿದ್ದರೆ ಅದರ ಕ್ಲೇಮೂ ಇಲ್ಲೇ ಮುಗಿಯಬಹುದು. ‘ಈ ಅಂಗಡಿಗೆ ಮಾತ್ರ’ ಅಂತ ಸೇರಿಸಿ.

ಕೇಳಬೇಕಾದ ತಿದ್ದುಪಡಿಗಳು: ಕಂಪನಿಯೂ ನಿಮ್ಮನ್ನು ಬಿಡುಗಡೆ ಮಾಡುವ ಪರಸ್ಪರ ರಿಲೀಸ್ (ಬಾಕಿ ರಾಯಲ್ಟಿ ಬಿಟ್ಟು ಉಳಿದದ್ದಕ್ಕೆ ಒಪ್ಪಿಯಾರು). ಜೊತೆಗೆ ಹೊಸ ಒಪ್ಪಂದದಿಂದ ಹುಟ್ಟುವ ಕ್ಲೇಮು, ಗ್ರಾಹಕರು ಕೇಸು ಹಾಕಿದರೆ ಕಂಪನಿ ಭರಿಸಬೇಕಾದ ನಷ್ಟ, ನೀವು ಪಟ್ಟಿ ಮಾಡಿದ ಕ್ರೆಡಿಟ್, ಇವಕ್ಕೆ ರಿಲೀಸ್‌ನಿಂದ ವಿನಾಯಿತಿ. ‘ಕೇಸು ಹಾಕುವುದಿಲ್ಲ’ ಎಂಬ ಸಾಲಿನ ಜೊತೆ ವಕೀಲರ ಫೀಸೂ ನಿಮ್ಮದೇ ಅಂತ ಇದ್ದರೆ ಅದನ್ನು ಹೊಡೆದುಹಾಕಿಸಿ.

ಬೇರೆ ರಾಜ್ಯದವರಿಗೆ: ಮಿನ್ನೆಸೋಟದಲ್ಲಿ ಅಲ್ಲಿನ ಫ್ರಾಂಚೈಸಿ ಕಾಯ್ದೆಯ ಹೊಣೆ ತಪ್ಪಿಸುವ ರಿಲೀಸನ್ನು ಬಲವಂತವಾಗಿ ಕೇಳುವಂತಿಲ್ಲ. ವಾಷಿಂಗ್ಟನ್ ರಾಜ್ಯದಲ್ಲಿ ಅಲ್ಲಿನ ಫ್ರಾಂಚೈಸಿ ಕಾಯ್ದೆಯ ಹಕ್ಕು ಬಿಡಬೇಕಾದರೆ ಒಪ್ಪಂದ ಜಾರಿಗೆ ಬಂದಮೇಲೆ, ಎರಡೂ ಕಡೆ ಸ್ವತಂತ್ರ ವಕೀಲರಿದ್ದು, ಮಾತುಕತೆಯಿಂದ ಆದ ರಾಜಿಯೇ ಆಗಬೇಕು.

ಕೊನೆಗೆ ಸಹಿಯ ಕ್ರಮ. ರಿಲೀಸನ್ನು ಮೊದಲೇ ಕಳಿಸಿಬಿಟ್ಟು ರಿನ್ಯೂವಲ್‌ಗೆ ಕಾಯಬೇಡಿ. ‘ಹೊಸ ಒಪ್ಪಂದಕ್ಕೆ ಕಂಪನಿ ಸಹಿ ಹಾಕಿದ ಮೇಲಷ್ಟೇ ಇದು ಜಾರಿ’ ಅಂತ ರಿಲೀಸ್‌ನಲ್ಲೇ ಬರೆಸಿ, ಫ್ರಾಂಚೈಸಿ ವಕೀಲರಿಗೆ ತೋರಿಸಿ ಆಮೇಲೆ ಸಹಿ ಹಾಕಿ.