ಸ್ಕ್ಯಾನ್ ಮಾಡಿದ ಕಾಗದ ಕಂಪ್ಯೂಟರ್ ಸೇರುತ್ತಿಲ್ಲವೇ?

ಪ್ರಶ್ನೆ: ಕಚೇರಿಯ ಪ್ರಿಂಟರ್‌ನಲ್ಲಿ ಸ್ಕ್ಯಾನ್ ಮಾಡಿದ್ದು ಇಷ್ಟು ದಿನ ನೇರವಾಗಿ ಕಂಪ್ಯೂಟರ್‌ನ ಫೋಲ್ಡರ್‌ಗೆ ಬೀಳುತ್ತಿತ್ತು. ವಿಂಡೋಸ್ 11 ಇರುವ ಹೊಸ ಕಂಪ್ಯೂಟರ್ ತಂದ ಮೇಲೆ ‘ಲಾಗಿನ್ ವಿಫಲ’ ಎನ್ನುತ್ತಿದೆ. ರಿಪೇರಿಯವರು ‘ಎಸ್‌ಎಂಬಿ 1 ಆನ್ ಮಾಡಿ, ಸರಿಹೋಗುತ್ತೆ’ ಅಂತಾರೆ. ಮಾಡಬಹುದೇ?
– ಓದುಗರು, ಹುಬ್ಬಳ್ಳಿ

ಉತ್ತರ: ಬೇಡ. ಎಸ್‌ಎಂಬಿ ಎಂದರೆ ನೆಟ್‌ವರ್ಕ್‌ನಲ್ಲಿ ಫೈಲ್ ಹಂಚಿಕೊಳ್ಳುವ ವಿಧಾನ, 1 ಅದರ ಹಳೆಯ ಆವೃತ್ತಿ. 2017ರ ಮೇ ತಿಂಗಳಲ್ಲಿ ವಾನಾಕ್ರೈ ವೈರಸ್ ಹಬ್ಬಿದ್ದು ಅದೇ ಎಸ್‌ಎಂಬಿ 1ರ ದೋಷದಿಂದ. ಅಲ್ಲದೆ ‘ಲಾಗಿನ್ ವಿಫಲ’ ಎಂದರೆ ಪ್ರಿಂಟರ್ ನಿಮ್ಮ ಕಂಪ್ಯೂಟರ್‌ನ ಬಾಗಿಲವರೆಗೂ ಬಂದಿದೆ, ಒಳಗೆ ಬಿಡುತ್ತಿಲ್ಲ ಎಂದೇ ಸಾಮಾನ್ಯವಾಗಿ ಅರ್ಥ.

ಹೆಚ್ಚಿನ ಕಡೆ ತಪ್ಪುವುದು ಪಿನ್ ವಿಷಯದಲ್ಲಿ. ಬೆಳಿಗ್ಗೆ ಕಂಪ್ಯೂಟರ್ ತೆರೆಯಲು ಒತ್ತುವ ಪಿನ್ ಅದರ ಮುಂದೆ ಕೂತವರಿಗೆ ಮಾತ್ರ. ನೆಟ್‌ವರ್ಕ್‌ನಿಂದ ಬರುವ ಪ್ರಿಂಟರ್‌ಗೆ ನಿಜವಾದ ಪಾಸ್‌ವರ್ಡೇ ಬೇಕು. ಅದಕ್ಕೆ ನಿಮ್ಮ ಸ್ವಂತ ಪಾಸ್‌ವರ್ಡ್ ಕೊಡುವ ಬದಲು, ಸೆಟ್ಟಿಂಗ್ಸ್‌ನ ಅಕೌಂಟ್ಸ್‌ನಲ್ಲಿ ಮೈಕ್ರೋಸಾಫ್ಟ್ ಖಾತೆ ಇಲ್ಲದ ಪ್ರತ್ಯೇಕ ಬಳಕೆದಾರರೊಬ್ಬರನ್ನು ಸೇರಿಸಿ. ಕಮಾಂಡ್ ಕೊಟ್ಟು ಖಾತೆ ಮಾಡಿದರೆ ಪಾಸ್‌ವರ್ಡ್ 42 ದಿನಕ್ಕೆ ಅವಧಿ ಮೀರುತ್ತದೆ, ಸ್ಕ್ಯಾನ್ ಮತ್ತೆ ನಿಲ್ಲುತ್ತದೆ.

ಇನ್ನು ಫೋಲ್ಡರ್. ಪ್ರಾಪರ್ಟೀಸ್‌ನ ‘ಶೇರಿಂಗ್’ನಲ್ಲಿ ಆ ಬಳಕೆದಾರನಿಗೆ ‘ಚೇಂಜ್’, ‘ಸೆಕ್ಯೂರಿಟಿ’ಯಲ್ಲಿ ‘ಮಾಡಿಫೈ’ ಕೊಡಿ. ಎರಡೂ ಬೇಕು, ಏಕೆಂದರೆ ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುತ್ತದೆ. ಪಾಸ್‌ವರ್ಡ್ ಇಲ್ಲದೆ ಎಲ್ಲರಿಗೂ ತೆರೆದಿಡುವ ಹಳೆಯ ಉಪಾಯ ವಿಂಡೋಸ್ 11 ಪ್ರೋದ 24ಎಚ್2 ಆವೃತ್ತಿಯಲ್ಲಿ ನಡೆಯುವುದಿಲ್ಲ. ಆ ಆವೃತ್ತಿ ಪ್ರತಿ ಸಂಪರ್ಕಕ್ಕೂ ಎಸ್‌ಎಂಬಿ ಸೈನಿಂಗ್, ಅಂದರೆ ಡಿಜಿಟಲ್ ಸಹಿ ಕೇಳುತ್ತದೆ. ಪ್ರಿಂಟರ್‌ಗೆ ಸೈನಿಂಗ್ ಗೊತ್ತಿಲ್ಲದಿದ್ದರೆ ಮೊದಲು ಅದರ ಫರ್ಮ್‌ವೇರ್ (ಒಳಗಿನ ತಂತ್ರಾಂಶ) ಅಪ್‌ಡೇಟ್ ಮಾಡಿ.

ಪ್ರಿಂಟರ್‌ನ ಐಪಿ ವಿಳಾಸವನ್ನು ಬ್ರೌಸರ್‌ನಲ್ಲಿ ಹಾಕಿದರೆ ಅದರ ಪುಟ ತೆರೆಯುತ್ತದೆ. ಅಲ್ಲಿನ ಅಡ್ರೆಸ್ ಬುಕ್‌ನಲ್ಲಿ ನಿಮ್ಮ ಕಂಪ್ಯೂಟರ್‌ನ ಐಪಿಯನ್ನು \\192.168.1.20\ ಎಂಬಂತೆ ಬರೆದು ಮುಂದೆ ಶೇರ್ ಹೆಸರು (ಫೋಲ್ಡರ್ ಹಂಚುವಾಗ ಇಟ್ಟ ಹೆಸರು) ಸೇರಿಸಿ. ಸಿ ಡ್ರೈವ್‌ನ ದಾರಿ ಅಲ್ಲ, ಶೇರ್ ಹೆಸರು. ಆ ಐಪಿ ನಾಳೆ ಬದಲಾಗದಂತೆ ರೂಟರ್‌ನಲ್ಲಿ ಕಾಯ್ದಿರಿಸಿ. ವಿಂಡೋಸ್‌ನಲ್ಲಿ ನೆಟ್‌ವರ್ಕ್ ‘ಪ್ರೈವೇಟ್’ ಆಗಿರಲಿ. ‘ಪಬ್ಲಿಕ್’ ಇದ್ದರೆ ಫೈರ್‌ವಾಲ್ ಫೈಲ್ ಹಂಚಿಕೆಯ ದಾರಿಯಾದ 445ನೇ ಪೋರ್ಟ್ ಮುಚ್ಚಿರುತ್ತದೆ. ಕಂಪ್ಯೂಟರ್ ಸ್ಲೀಪ್‌ಗೆ ಹೋದರೂ ಕಥೆ ಅಷ್ಟೇ.

ಇಷ್ಟಾದರೂ ಆಗದಿದ್ದರೆ, ಇನ್ನೊಂದು ಕಂಪ್ಯೂಟರ್‌ನಿಂದ ಅದೇ ವಿಳಾಸ, ಅದೇ ಹೆಸರು, ಅದೇ ಪಾಸ್‌ವರ್ಡ್ ಹಾಕಿ ಫೋಲ್ಡರ್ ತೆರೆದು ಒಂದು ಫೈಲ್ ಉಳಿಸಿ ನೋಡಿ. ಉಳಿದರೆ ದೋಷ ಪ್ರಿಂಟರ್‌ನ ಸೆಟ್ಟಿಂಗ್‌ನಲ್ಲಿದೆ.

ಪ್ರಶ್ನೆ: ಸ್ಕ್ಯಾನ್ ಮಾಡಿದ್ದನ್ನು ಮೇಲ್‌ನಲ್ಲಿ ಕಳಿಸಲು ಜಿಮೇಲ್ ಪಾಸ್‌ವರ್ಡ್ ಕೊಟ್ಟರೆ ಪ್ರಿಂಟರ್ ಒಪ್ಪುವುದಿಲ್ಲ. ಯಾಕೆ?
– ಓದುಗರು, ಪುತ್ತೂರು

ಉತ್ತರ: ಒಪ್ಪದಿರುವುದು ಗೂಗಲ್. ಬರೀ ಪಾಸ್‌ವರ್ಡ್ ಹಿಡಿದು ಬರುವ ಇಂಥ ಸಾಧನಗಳನ್ನು ಅದು 2022ರ ಮೇ 30ರಿಂದ ಬಿಟ್ಟುಕೊಳ್ಳುತ್ತಿಲ್ಲ. ಖಾತೆಯಲ್ಲಿ ಎರಡು ಹಂತದ ಪರಿಶೀಲನೆ ಆನ್ ಮಾಡಿ, ಇಂಥ ಸಾಧನಕ್ಕೆಂದೇ ಗೂಗಲ್ ಕೊಡುವ 16 ಅಕ್ಷರದ ಆ್ಯಪ್ ಪಾಸ್‌ವರ್ಡ್ ಪಡೆದು ಅದನ್ನೇ ಪ್ರಿಂಟರ್‌ಗೆ ಕೊಡಿ. ಪ್ರಿಂಟರ್‌ನ ಸುರಕ್ಷತೆಯ ಆಯ್ಕೆಯಲ್ಲಿ, ಪೋರ್ಟ್ 587 ಆದರೆ ಸ್ಟಾರ್ಟ್‌ಟಿಎಲ್‌ಎಸ್, 465 ಆದರೆ ಎಸ್‌ಎಸ್‌ಎಲ್. ಪ್ರಿಂಟರ್‌ನ ದಿನಾಂಕ ತಪ್ಪಿದ್ದರೂ ಸಂಪರ್ಕ ಕಡಿಯುತ್ತದೆ, ಅದನ್ನೂ ನೋಡಿ.

ಜಿಮೇಲ್ ಮಿತಿ 25 ಎಂಬಿ. ಮೇಲ್‌ಗೆ ಸೇರುವಾಗ ಫೈಲ್ ಮೂರನೇ ಒಂದರಷ್ಟು ಹಿಗ್ಗುವುದರಿಂದ ಕೈಗೆ ಸಿಗುವುದು 18 ಎಂಬಿ ಆಸುಪಾಸು. ಎ4 ಪುಟವೊಂದು 300 ಡಿಪಿಐ (ಇಂಚಿಗೆ 300 ಚುಕ್ಕೆ) ಬಣ್ಣದಲ್ಲಿ, ಕಂಪ್ರೆಸ್ ಆಗುವ ಮೊದಲು, ಸುಮಾರು 26 ಎಂಬಿ. ಕಪ್ಪು-ಬಿಳುಪಿನಲ್ಲಿ 1 ಎಂಬಿ. ಬಿಲ್ಲು, ಪತ್ರಗಳಿಗೆ 200 ಡಿಪಿಐ ಕಪ್ಪು-ಬಿಳುಪು ಸಾಕು.